ತಾತನ ಹಳೇ ಬೇಟೆ ರೈಫಲ್ ಮಾರ್ಬೇಕು, ಸಂಗ್ರಹ ಮಾಡೋರಿಗೆ ಬೇಕಾದ ಮಾಲಾ ಅಲ್ವಾ ಅಂತ ಹೆಂಗೆ ತಿಳ್ಕೊಳ್ಳೋದು?

ಹಳೇಪೆಟ್ಟಿಗೆ:

ಎಲ್ರಿಗೂ ನಮಸ್ಕಾರ. ನಮ್ಮ ತಾತನ ಬೇಟೆ ರೈಫಲ್ ಈಗ ನನ್ನ ಹೆಸರಿಗೆ ಬಂದಿದೆ, ಕಾಗದ ಪತ್ರ ಎಲ್ಲಾ ಸರಿ ಇದೆ. ನಾನು ಬೇಟೆ ಆಡೋನಲ್ಲ, ಶೂಟಿಂಗ್ ಕ್ಲಬ್ಬಿಗೂ ಹೋಗಲ್ಲ, ಹಂಗಾಗಿ ಇದು ಬೀರುನಲ್ಲಿ ಬಿದ್ದು ಹಾಳಾಗೋ ಬದಲು ಇದರ ಬೆಲೆ ಗೊತ್ತಿರೋರ ಕೈಗೆ ಹೋಗ್ಲಿ ಅಂತ ಮಾರೋಕೆ ಹೊರಟಿದೀನಿ. ಆದ್ರೆ ಮಾರೋ ಮುಂಚೆ ಇದು ಬರೀ ಹಳೇ ಬಂದೂಕಾ ಇಲ್ಲಾ ಕಲೆಕ್ಟರ್‌ಗಳು ಹುಡುಕೋ ಅಂಥದ್ದಾ ಅಂತ ತಿಳೀಬೇಕು.

ನನಗೆ ಕಾಣೋದು ಇಷ್ಟು. ವಿಂಚೆಸ್ಟರ್ ಕಂಪನಿದು, ಕೆಳಗೆ ಲಿವರ್ ಇರೋದು, ಹಿಡಿ ಹತ್ರ ಮೇಲಿನ ಕಬ್ಬಿಣದ ಪಟ್ಟಿ ಮೇಲೆ ಮಾಡೆಲ್ 1894 ಅಂತ ಇದೆ, ಆ ಬರಹದ ಮೇಲೇ ಗುರಿ ನೋಡೋ ಒಂದು ಮಡಚೋ ಸೈಟ್ ಕೂರಿಸಿರೋದ್ರಿಂದ ಅರ್ಧ ಮುಚ್ಚಿದೆ. ಬ್ಯಾರಲ್ ಎಂಟು ಮೂಲೆದು, ಮೇಲೆ 32-40 ಅಂತ ಬರೆದಿದೆ. ಸೀರಿಯಲ್ ನಂಬರ್ ಎರಡು ಲಕ್ಷದ ಮೇಲೆ. ಬಣ್ಣ ಹೋಗಿ ಮಧ್ಯದ ಭಾಗ ಎಲ್ಲಾ ಬೂದು ಕಂದು ಆಗಿದೆ, ಸಂದಿಗಳಲ್ಲಿ ಮಾತ್ರ ನೀಲಿ ಉಳಿದಿದೆ. ಮರದ ಬಟ್ ಮೇಲೆ ಗೀರುಗಳಿವೆ. ಬ್ಯಾರಲ್ ಕೆಳಗಿನ ಕಾಟ್ರಿಜ್ ಟ್ಯೂಬ್ ಪೂರ್ತಿ ಮೂತಿವರೆಗೂ ಬರಲ್ಲ, ಮರ ಮುಗಿದ ಮೇಲೆ ಸ್ವಲ್ಪ ಮುಂದೆ ಬಂದು ನಿಂತೋಗಿದೆ.

ನಮ್ಮ ಚಿಕ್ಕಪ್ಪ ಹೇಳೋದು ಏನಂದ್ರೆ ಟ್ಯೂಬ್ ಯಾರೋ ಕತ್ತರಿಸಿದಾರೆ, ಇದಕ್ಕೆ ಬೆಲೆ ಬರಲ್ಲ, ಹೊಸದಾಗಿ ಬ್ಲೂಯಿಂಗ್ (ಕಬ್ಬಿಣಕ್ಕೆ ನೀಲಿ ಬಣ್ಣ ಕೊಡೋದು) ಮಾಡಿಸಿ ಮರಕ್ಕೆ ಪಾಲಿಶ್ ಹೊಡ್ಸಿ ಮಾರಿಬಿಡು ಅಂತ. ಇನ್ನೊಬ್ರು ಈ ಮಾಡೆಲ್ ಲಕ್ಷಗಟ್ಟಲೆ ಇವೆ ಯಾರೂ ಕೇಳಲ್ಲ ಅಂದ್ರು. ಏನು ನೋಡ್ಬೇಕು, ಯಾರಿಗೆ ತೋರಿಸ್ಬೇಕು, ಏನು ಮಾಡಬಾರ್ದು, ಗೊತ್ತಿರೋರು ದಯವಿಟ್ಟು ಹೇಳಿ.

ನಳಿಗೆನೋಟ:

ಎಲ್ಲಕ್ಕಿಂತ ಮುಂಚೆ ಅದು ಖಾಲಿ ಇದೆಯಾ ಅಂತ ನೋಡಿದೀರಾ? ಲಿವರ್ ತೆಗೆದು ಚೇಂಬರ್ (ಹಾರಿಸೋ ಕಾಟ್ರಿಜ್ ಕೂರೋ ಬ್ಯಾರಲ್ ಹಿಂಬದಿ) ನೋಡಿದ್ರೆ ಸಾಲದು, ಈ ಥರದ ರೈಫಲ್‌ಗಳಲ್ಲಿ ಕಾಟ್ರಿಜ್ ಕೂರೋದು ಟ್ಯೂಬಲ್ಲಿ, ಸ್ಪ್ರಿಂಗ್ ಬಲ ಕಳ್ಕೊಂಡಿದ್ರೆ ಅಥ್ವಾ ಒಳಗೆ ತುಕ್ಕು ಹಿಡಿದಿದ್ರೆ ಒಂದು ಕಾಟ್ರಿಜ್ ಒಳಗೇ ಸಿಕ್ಕಾಕ್ಕೊಂಡು ಎಷ್ಟೋ ವರ್ಷ ಕೂತಿರುತ್ತೆ, ಆಮೇಲೆ ಯಾವಾಗ್ಲೋ ಅಲ್ಲಾಡಿಸಿದಾಗ ಮುಂದಕ್ಕೆ ಬರುತ್ತೆ. ಗೊತ್ತಿಲ್ಲ ಅಂದ್ರೆ ಗನ್‌ಸ್ಮಿತ್ ಹತ್ರ ತೋರಿಸಿ ಖಾಲಿ ಮಾಡಿಸಿ, ಅಲ್ಲೀವರೆಗೂ ಮೂತಿ ಯಾರ ಕಡೆಗೂ ತಿರುಗಿಸಬೇಡಿ. ಬೆಲೆ ನೋಡೋಕೆ ಅಂತ ಗುಂಡು ಹಾರಿಸಿ ಪರೀಕ್ಷೆ ಮಾಡೋದೂ ಬೇಡವೇ ಬೇಡ.

ಎರಡನೇದು, ನಿಮ್ಮ ಚಿಕ್ಕಪ್ಪ ಹೇಳಿದ ಆ ಬ್ಲೂಯಿಂಗು ಪಾಲಿಶ್ ಎರಡನ್ನೂ ದಯವಿಟ್ಟು ಮಾಡಿಸಬೇಡಿ. ಅವರು ಒಳ್ಳೇದಕ್ಕೇ ಹೇಳಿರ್ತಾರೆ, ಆದ್ರೆ ಹಳೇ ರೈಫಲ್ ಬೆಲೆ ಹೋಗೋದು ಬಹುಪಾಲು ಇಲ್ಲೇ. ಕಲೆಕ್ಟರ್ ದುಡ್ಡು ಕೊಡೋದು ಫ್ಯಾಕ್ಟರಿ ಬಿಟ್ಟಾಗ ಅದರ ಮೇಲೆ ಏನಿತ್ತೋ ಅದರಲ್ಲಿ ಎಷ್ಟು ಉಳಿದಿದೆ ಅನ್ನೋದಕ್ಕೆ. ಆ ಬೂದು ಕಂದು ಬಣ್ಣ ಇದೆಯಲ್ಲ ಅದು ಕಲೆಕ್ಟರ್ ಕಣ್ಣಿಗೆ ಕೊಳೆ ಅಲ್ಲ, ಯಾರೂ ಕೈ ಹಾಕಿಲ್ಲ ಅನ್ನೋದಕ್ಕೆ ಸಾಕ್ಷಿ. ಸಂದಿಯಲ್ಲಿ ಉಳಿದಿರೋ ಆ ಚೂರು ನೀಲಿ ಇದೆಯಲ್ಲ, ಗೊತ್ತಿರೋನು ಟಾರ್ಚ್ ಹಾಕಿ ಹುಡುಕೋದು ಅದನ್ನೇ.

ಇದಕ್ಕೆ ಅಳತೆಗೋಲೂ ಇದೆ. ಅಮೆರಿಕದ ಎನ್‌ಆರ್‌ಎ (ನ್ಯಾಷನಲ್ ರೈಫಲ್ ಅಸೋಸಿಯೇಷನ್) ಸಂಸ್ಥೆ ಆಂಟಿಕ್ ಬಂದೂಕಿಗೆ ಅಂತಲೇ ಬೇರೆ ಗ್ರೇಡ್ ಪಟ್ಟಿ ಮಾಡಿದೆ, ಅದರಲ್ಲಿ ಎಕ್ಸಲೆಂಟ್ ಅಂದ್ರೆ ಎಲ್ಲಾ ಭಾಗ ಒರಿಜಿನಲ್ ಇದ್ದು ಮೂಲ ಬಣ್ಣ 80 ಪರ್ಸೆಂಟ್‌ಗಿಂತ ಜಾಸ್ತಿ ಉಳಿದಿರ್ಬೇಕು, ಫೈನ್ ಅಂದ್ರೆ 30 ಪರ್ಸೆಂಟ್‌ಗಿಂತ ಜಾಸ್ತಿ, ವೆರಿ ಗುಡ್ ಅಂದ್ರೆ 30ರಿಂದ ಹಿಡಿದು ಏನೂ ಉಳೀದೇ ಇರೋವರೆಗೂ ಬರುತ್ತೆ. ಗಮನಿಸಿ, ಬಣ್ಣ ಪೂರ್ತಿ ಹೋಗಿದ್ರೂ ಭಾಗಗಳು ಒರಿಜಿನಲ್ ಇದ್ದು ಅಕ್ಷರ ಓದೋಹಂಗಿದ್ರೆ ಇನ್ನೂ ವೆರಿ ಗುಡ್‌ನಲ್ಲೇ ಇದೆ. ಹೊಸ ಬ್ಲೂಯಿಂಗ್ ಮಾಡಿಸಿದ ಕ್ಷಣ ಗುಡ್‌ಗೆ ಇಳೀತು. ಕಣ್ಣಿಗೆ ಚಂದ ಆಯ್ತು, ದರ್ಜೆ ಕೆಳಗೆ ಹೋಯ್ತು. ಈ ಕಾಲದ ಬಂದೂಕಿನ ಗ್ರೇಡ್ ಬೇರೆ, ಎರಡನ್ನೂ ಕಲಸಬೇಡಿ, ಮಾರೋ ಜಾಹೀರಾತಲ್ಲಿ ಎಕ್ಸಲೆಂಟ್ ಅಂತ ಬರೆದಿದ್ರೆ ಯಾವ ಪಟ್ಟಿ ಪ್ರಕಾರ ಅಂತ ಮೊದ್ಲು ಕೇಳಿ.

ಅರಮತ್ತುಉಳಿ:

ನಾನು ಬಂದೂಕು ರಿಪೇರಿ ಕೆಲಸದವನು, ಹಳೇದು ಬಂದಾಗ ನಾನು ನೋಡೋ ಕ್ರಮ ಹೇಳ್ತೀನಿ.

ಮೊದ್ಲು ಸ್ಕ್ರೂ. ಸ್ಕ್ರೂ ತಲೆ ಮೇಲಿನ ಸೀಳು ಹರಿದೋಗಿದ್ರೆ ಯಾರೋ ಸರಿಯಿಲ್ಲದ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದಾರೆ ಅಂತ ಅರ್ಥ, ಬಿಚ್ಚಿದ ಮೇಲೆ ಒಳಗೆ ಏನೇನು ಬದಲಾಯಿಸಿದಾರೋ ಯಾರಿಗೆ ಗೊತ್ತು. ಸೀಳು ನೆಟ್ಟಗೆ ಚೂಪಾಗಿದ್ರೆ ಅರ್ಧ ಸಮಾಧಾನ. ಅದಾದ ಮೇಲೆ ಅಂಚುಗಳು. ನಿಮ್ಮದು ಎಂಟು ಮೂಲೆ ಬ್ಯಾರಲ್ ಅಲ್ವಾ, ಆ ಮೂಲೆಗಳು ಬೆರಳಿಗೆ ಚುರುಕಾಗಿ ಸಿಗಬೇಕು. ಪಾಲಿಶ್ ಮಾಡೋ ಬಫಿಂಗ್ ವೀಲಿಗೆ ಹಿಡಿದಿದ್ರೆ ಮೂಲೆ ದುಂಡಗಾಗಿ ಹೋಗಿರುತ್ತೆ, ಅಕ್ಷರಗಳು ಒಂದು ಕಡೆ ಆಳ ಒಂದು ಕಡೆ ತೆಳು ಆಗಿರುತ್ತೆ, ಸ್ಕ್ರೂ ತೂತಿನ ಸುತ್ತ ತಟ್ಟೆ ಥರ ತಗ್ಗು ಬಿದ್ದಿರುತ್ತೆ. ತುಕ್ಕು ತಿಂದ ಗುಳಿಯ ಒಳಗೂ ನೀಲಿ ಬಣ್ಣ ಇದ್ರೆ ಅದು ಆಮೇಲೆ ಹಾಕಿದ ಬಣ್ಣ, ಅನುಮಾನವೇ ಬೇಡ, ಯಾಕಂದ್ರೆ ಫ್ಯಾಕ್ಟರಿಯವರು ಗುಳಿ ಬಿದ್ದ ಕಬ್ಬಿಣಕ್ಕೆ ಬಣ್ಣ ಹಾಕಿ ಕಳಿಸಲ್ಲ.

ಮರದ ವಿಷ್ಯ ತುಂಬಾ ಜನಕ್ಕೆ ಗೊತ್ತಿರಲ್ಲ. ಹೊಸದಾಗಿ ಬಂದಾಗ ಮರ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರ ಇರುತ್ತೆ. ಮರ ಕಬ್ಬಿಣ ಸೇರೋ ಜಾಗದಲ್ಲಿ ಉಗುರು ಎಳೆದು ನೋಡಿ, ಮರ ಎತ್ತರ ಸಿಕ್ಕಿದ್ರೆ ಸ್ಯಾಂಡ್ ಪೇಪರ್ ಬಿದ್ದಿಲ್ಲ. ಮರವೇ ತಗ್ಗಲ್ಲಿದ್ದು ಬಟ್ ಹಿಂದಿನ ಕಬ್ಬಿಣದ ಪ್ಲೇಟ್ ಅಂಚು ಹೊರಗೆ ಚಾಚಿದ್ರೆ ಉಜ್ಜಿ ತೆಗೆದಿದಾರೆ. ಗೀರು ಇರೋದು ಬೇಟೆ ರೈಫಲ್‌ಗೆ ಸಹಜ, ಅದಕ್ಕೆ ಯಾರೂ ಬೇಜಾರಾಗಲ್ಲ. ಬಟ್ ಕತ್ತರಿಸಿ ರಬ್ಬರ್ ಪ್ಯಾಡ್ ಹಾಕಿರೋದು, ಹಿಡಿ ಹತ್ರ ಬಿರುಕು ಬಿಟ್ಟು ಮೊಳೆ ಹೊಡೆದಿರೋದು, ಇವು ಬೆಲೆ ಇಳಿಸ್ತವೆ.

ನಿಮ್ಮ ಮಡಚೋ ಸೈಟ್ ಬಗ್ಗೆ ಭಯ ಬೇಡ. ಆ ಪಟ್ಟಿಯಲ್ಲಿ ಅಂಥ ಸೈಟಿಗೆ ಅಂತಲೇ ಫ್ಯಾಕ್ಟರಿಯವರು ತೂತು ಕೊಟ್ಟೇ ಕಳಿಸ್ತಿದ್ರು, ಲೈಮನ್ ಅಥ್ವಾ ಮಾರ್ಬಲ್ಸ್ ಅಂತ ಮಾಡಿದ ಕಂಪನಿ ಹೆಸರು ಇದ್ರೆ ಆ ಹಳೇ ಸೈಟಿಗೇ ಬೇರೆ ಗಿರಾಕಿ ಇದಾರೆ. ನೋಡ್ಬೇಕಾದ್ದು ರಿಸೀವರ್ (ಬ್ಯಾರಲ್ ಹಿಂದಿನ ಮಧ್ಯದ ಕಬ್ಬಿಣದ ಭಾಗ) ಪಕ್ಕದಲ್ಲೋ ಮೇಲೋ ಆಮೇಲೆ ಕೊರೆದ ತೂತುಗಳಿವೆಯಾ ಅಂತ, ಟೆಲಿಸ್ಕೋಪ್ ಕೂರಿಸೋಕೆ ಅಂತ ಕೊರೆದಿರ್ತಾರೆ, ಆ ತೂತು ಮುಚ್ಚಿದ್ರೂ ಗೊತ್ತಾಗುತ್ತೆ.

ಬ್ಯಾರಲ್ ಉದ್ದ ಅಳೀರಿ. ಖಾಲಿ ಇದೆ ಅಂತ ಖಾತ್ರಿ ಆದ ಮೇಲೆ ಲಿವರ್ ಮುಚ್ಚಿ, ಮೂತಿಯಿಂದ ಒಂದು ತೆಳ್ಳಗಿನ ಮರದ ಕಡ್ಡಿ ಒಳಗೆ ಬಿಡಿ, ಬೋಲ್ಟಿಗೆ (ಚೇಂಬರನ್ನ ಹಿಂದಿನಿಂದ ಮುಚ್ಚೋ ಕಬ್ಬಿಣಕ್ಕೆ) ತಾಗಿ ನಿಂತಾಗ ಮೂತಿ ಹತ್ರ ಪೆನ್ಸಿಲ್ ಗುರುತು ಹಾಕಿ ತೆಗೆದು ಅಳೆದ್ರೆ ಅದೇ ಉದ್ದ. 1894 ರೈಫಲಿಗೆ ಮಾಮೂಲಿ 26 ಇಂಚು, ಕಾರ್ಬೈನ್‌ಗೆ (ಗಿಡ್ಡ ಆವೃತ್ತಿಗೆ) 20 ಇಂಚು. ಕಮ್ಮಿ ಬಂದ್ರೆ ಒಂದೋ ಆರ್ಡರ್ ಕೊಟ್ಟು ಮಾಡಿಸಿದ್ದು ಇಲ್ಲಾ ಕತ್ತರಿಸಿದ್ದು.

ಆಮೇಲೆ ನಳಿಗೆ ಒಳಗೆ. ಹಳೇ ಕಾಟ್ರಿಜ್‌ನ ಪ್ರೈಮರ್‌ನಲ್ಲಿ (ಮದ್ದಿಗೆ ಕಿಡಿ ಹತ್ತಿಸೋ ಭಾಗ) ಪೊಟ್ಯಾಷಿಯಂ ಕ್ಲೋರೇಟ್ ಇರ್ತಿತ್ತು, ಸುಟ್ಟ ಮೇಲೆ ಅದು ಉಪ್ಪಾಗಿ ಉಳಿದು ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ, ಬೇಟೆ ಮುಗಿಸಿ ಬಂದ ದಿನವೇ ನೀರು ಹಾಕಿ ತೊಳೀದೇ ಇದ್ರೆ ಒಳಗೆ ಗುಳಿ ಗುಳಿ ಆಗ್ತಿತ್ತು. ಟಾರ್ಚ್ ಬಿಟ್ಟು ನೋಡಿದಾಗ ಸುರುಳಿ ಗೆರೆಗಳು ಚೂಪಾಗಿ ಹೊಳೆದ್ರೆ ತುಂಬಾ ಒಳ್ಳೇದು, ಮಂಕಾಗಿದ್ದು ಗೆರೆ ಗಟ್ಟಿ ಇದ್ರೂ ಪರವಾಗಿಲ್ಲ.

ಬ್ಯಾರಲ್ ಮೇಲೆ 32-40 ಅಂತ ಕಾಟ್ರಿಜ್ ಅಳತೆ ಇದ್ರೂ ಚೇಂಬರ್ ಅದೇ ಇದೆ ಅಂತ ನಂಬೋಕಾಗಲ್ಲ, ಕಾಟ್ರಿಜ್ ಸಿಗಲ್ಲ ಅಂತ ಬೇರೆ ಅಳತೆಗೆ ಕೊರೆಸಿರೋದು ಉಂಟು. ಅದಕ್ಕೆ ಸೆರೊಸೇಫ್ ಅಂತ ಒಂದು ಮಿಶ್ರಲೋಹ ಬರುತ್ತೆ, 70ರಿಂದ 88 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ, ಚೇಂಬರಿಗೆ ಹುಯ್ದು ಅಚ್ಚು ತೆಗೆದು ಒಂದು ಗಂಟೆ ಬಿಟ್ಟು ಅಳೆದ್ರೆ ಚೇಂಬರ್ ಅಳತೆ ಹಂಗೇ ಸಿಗುತ್ತೆ. ಇದು ಮನೇಲಿ ಮಾಡೋ ಕೆಲಸ ಅಲ್ಲ, ಗೊತ್ತಿರೋ ಗನ್‌ಸ್ಮಿತ್ ಹತ್ರ ಮಾಡಿಸಿ.

ಲೆಡ್ಜರ್ ಪ್ರಿಯ:

ಮೇಲಿನ ಇಬ್ಬರೂ ಹೇಳಿದ್ದು ಸರಿ ಇದೆ, ಆದ್ರೆ ನನಗೆ ಈ ಇಡೀ ಪೋಸ್ಟಲ್ಲಿ ಕಣ್ಣು ನಿಂತಿದ್ದು ಆ ಗಿಡ್ಡ ಟ್ಯೂಬ್ ಮೇಲೆ. ಕತ್ತರಿಸಿದಾರೆ ಅಂತ ಚಿಕ್ಕಪ್ಪ ಅಂದ್ರು ಅಂತ ಅಲ್ಲಿಗೇ ಬಿಡಬೇಡಿ ದಯವಿಟ್ಟು. ಆ ಕಾಲದಲ್ಲಿ ವಿಂಚೆಸ್ಟರ್ ಕಂಪನಿ ಗಿರಾಕಿ ಕೇಳಿದ ಹಂಗೆ ಮಾಡಿಕೊಡ್ತಿತ್ತು, ದುಂಡು ಬ್ಯಾರಲ್, ಎಂಟು ಮೂಲೆ, ಅರ್ಧ ಮೂಲೆ ಅರ್ಧ ದುಂಡು, ಹಗುರವಾಗಿ ಎಳೆಯೋ ಸೆಟ್ ಟ್ರಿಗರ್, ಎರಡು ಭಾಗ ಆಗಿ ಬಿಚ್ಚೋ ಟೇಕ್‌ಡೌನ್, ಒಳ್ಳೇ ಆಕ್ರೋಟ್ ಮರ, ಹಂಗೇ ಗಿಡ್ಡ ಮ್ಯಾಗಜೀನ್ (ಅಂದ್ರೆ ಈ ಕಾಟ್ರಿಜ್ ಟ್ಯೂಬ್) ಕೂಡ. ಭಾರ ಕಮ್ಮಿ ಬೇಕು ಅನ್ನೋ ಬೇಟೆಗಾರರು ಕೇಳಿ ಹಾಕಿಸ್ಕೊಳ್ತಿದ್ರು. ಫ್ಯಾಕ್ಟರಿಯಿಂದಲೇ ಹಂಗೆ ಬಂದಿದ್ರೆ ಅದು ಬೆಲೆ ಏರಿಸೋ ವಿಷ್ಯ, ಆಮೇಲೆ ಕತ್ತರಿಸಿದ್ರೆ ಇಳಿಸೋ ವಿಷ್ಯ. ಒಂದೇ ಟ್ಯೂಬು, ಎರಡು ತದ್ವಿರುದ್ಧ ಬೆಲೆ.

ಕಂಡುಹಿಡಿಯೋದು ಕಷ್ಟ ಇಲ್ಲ. ಪೂರ್ತಿ ಉದ್ದದ ಟ್ಯೂಬ್ ಇರೋ ರೈಫಲಲ್ಲಿ ಮೂತಿ ಕಡೆ ಬ್ಯಾರಲ್ ಕೆಳಗಿನ ಮೈಯಲ್ಲಿ ಒಂದು ಕಚ್ಚು ಕೊರೆದಿರ್ತಾರೆ, ಟ್ಯೂಬ್ ಹಿಡಿಯೋ ಬಳೆ ಕೂರೋಕೆ. ಈಗ ನಿಮ್ಮ ಬ್ಯಾರಲ್ ಕೆಳಗೆ ಅಂಥ ಕಚ್ಚು ಖಾಲಿ ಇದ್ರೆ ಅಥ್ವಾ ಅದನ್ನ ಕಬ್ಬಿಣದ ತುಂಡು ಇಟ್ಟು ಮುಚ್ಚಿದ್ರೆ ಟ್ಯೂಬ್ ಕತ್ತರಿಸಿದ್ದೇ. ಕೆಳಗಿನ ಮೈ ಉದ್ದಕ್ಕೂ ನುಣ್ಣಗೆ ಇದ್ರೆ ಹುಟ್ಟಿನಿಂದಲೇ ಗಿಡ್ಡ.

ಇನ್ನು ಇದಕ್ಕೆ ಕಾಗದದ ಸಾಕ್ಷಿ. ಅಮೆರಿಕದ ವಯೋಮಿಂಗ್‌ನಲ್ಲಿ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂ ಇದೆ, ವಿಂಚೆಸ್ಟರ್ ಕಂಪನಿಯ ಹಳೇ ಲೆಡ್ಜರ್‌ಗಳು ಅಲ್ಲಿವೆ. 1894 ಮಾಡೆಲ್‌ಗೆ ಸೀರಿಯಲ್ 1ರಿಂದ 3,53,999ರವರೆಗೆ ದಾಖಲೆ ಇದೆ, ನಿಮ್ಮದು ಎರಡು ಲಕ್ಷದ್ದು ಅಂದ್ರೆ ಅದರೊಳಗೇ ಬಂತು. ನಂಬರ್ ಕಳಿಸಿ ಫೀಸ್ ಕಟ್ಟಿದ್ರೆ ಫ್ಯಾಕ್ಟರಿ ಲೆಟರ್ ಅಂತ ಕೊಡ್ತಾರೆ, ಅದರಲ್ಲಿ ಕ್ಯಾಲಿಬರ್ (ಕಾಟ್ರಿಜ್ ಅಳತೆ) ಏನು, ಬ್ಯಾರಲ್ ಯಾವ ಥರದ್ದು, ಟ್ರಿಗರ್ ಯಾವುದು, ಸ್ಪೆಷಲ್ ಏನಾದ್ರೂ ಇತ್ತಾ, ಗೋಡೌನ್‌ನಿಂದ ಯಾವಾಗ ಹೊರಟಿತು ಎಲ್ಲಾ ಇರುತ್ತೆ. ಲೆಟರಲ್ಲಿ ಗಿಡ್ಡ ಮ್ಯಾಗಜೀನ್ ಅಂತ ಒಂದು ಸಾಲು ಬಂದ್ರೆ ನಿಮ್ಮ ರೈಫಲ್ ಆ ಲಕ್ಷಗಟ್ಟಲೆ ಗುಂಪಿಂದ ಹೊರಗೆ ಬಂತು. ನಂಬರಿಂದ ವರ್ಷ ಹೇಳೋ ಪಟ್ಟಿಗಳು ಎಲ್ಲಾ ಕಡೆ ಸಿಗ್ತವೆ, ಆದ್ರೆ ಹಳೇ ಪಟ್ಟಿಗಳಲ್ಲಿರೋ ವರ್ಷಕ್ಕೂ ಫ್ಯಾಕ್ಟರಿಯ ಪಾಲಿಶಿಂಗ್ ರೂಮ್ ದಾಖಲೆಯಲ್ಲಿರೋ ವರ್ಷಕ್ಕೂ ವ್ಯತ್ಯಾಸ ಬರುತ್ತೆ, ಅದಕ್ಕೇ ಲೆಟರ್ ನೆಚ್ಕೊಳ್ಳಿ.

ಇನ್ನೊಂದು, ಓವಲ್ ಒಳಗೆ ಡಬ್ಲ್ಯೂ ಪಿ ಅಂತ ಪ್ರೂಫ್ ಗುರುತು (ಹಾರಿಸಿ ಗಟ್ಟಿತನ ಪರೀಕ್ಷೆ ಆಗಿದೆ ಅನ್ನೋ ಗುರುತು) 1905ರಿಂದ ಬಂತು, ಬ್ಯಾರಲ್ ಮೇಲೂ ರಿಸೀವರ್ ಮೇಲೂ ಎರಡು ಕಡೆ ಹೊಡೀತಿದ್ರು. ಬ್ಯಾರಲ್ ಮೇಲೆ ಇದ್ದು ರಿಸೀವರ್ ಮೇಲೆ ಇಲ್ಲ ಅಂದ್ರೆ ಬ್ಯಾರಲ್ ಆಮೇಲೆ ಬದಲಾಗಿದೆ ಅಂತ ಲೆಕ್ಕ.

ಯಾರೂ ಕೇಳಲ್ಲ ಅಂದವರ ಮಾತಲ್ಲಿ ಅರ್ಧ ನಿಜ ಇದೆ. ಈ ಮಾಡೆಲ್ 70 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ, 10 ಲಕ್ಷದ ನಂಬರ್ ರೈಫಲ್‌ನ 1927ರಲ್ಲಿ ಅಮೆರಿಕದ ಅಧ್ಯಕ್ಷ ಕೂಲಿಡ್ಜ್ ಅವರಿಗೇ ಕೊಟ್ಟಿದ್ರು. ಅದರಲ್ಲಿ ಬಹುಪಾಲು 30-30 ಕ್ಯಾಲಿಬರ್ರು, ಅಂಥ ಸವೆದ ಕಾರ್ಬೈನ್ ಆಗಿದ್ರೆ ನಾನೂ ಹೆಚ್ಚು ಆಸೆ ಇಟ್ಕೋಬೇಡಿ ಅಂತಿದ್ದೆ. ಆದ್ರೆ 32-40 ಅನ್ನೋದು ಈ ಮಾಡೆಲ್ ಶುರುವಾದಾಗ ಬಂದ ಮೊದಲ ಎರಡು ಕ್ಯಾಲಿಬರ್‌ಗಳಲ್ಲಿ ಒಂದು, ಇನ್ನೊಂದು 38-55. 1964ರಲ್ಲಿ ಕಂಪನಿ ಖರ್ಚು ಉಳಿಸೋಕೆ ಅಂತ ತಯಾರಿ ಬದಲಾಯಿಸ್ತು, ಅವತ್ತಿಂದ ಕಲೆಕ್ಟರ್‌ಗಳು 64ರ ಮುಂಚಿನದು ಆಮೇಲಿನದು ಅಂತ ಗೆರೆ ಎಳೆದೇ ಮಾತಾಡ್ತಾರೆ. ಅದಾದ ಮೇಲೆ ನೆನಪಿನ ಆವೃತ್ತಿ ಅಂತ ಚಿನ್ನದ ಬಣ್ಣ ಹಾಕಿ ಬೇಕಾದಷ್ಟು ಬಿಟ್ರು, ಕೆಲವು ಒಂದೊಂದೇ ಲಕ್ಷ ದಾಟಿದೆ, ಎಲ್ರೂ ಡಬ್ಬಿ ಸಮೇತ ಜೋಪಾನ ಮಾಡಿ ಇಟ್ಟಿದಾರೆ, ಅದಕ್ಕೇ ಅವು ಎಲ್ರ ಹತ್ರಾನೂ ಹೊಸದಾಗೇ ಇವೆ, ಬೇಡಿಕೆ ಇಲ್ಲ. ಯಾರಿಗೂ ಅದು ಮುಂದೆ ಅಪರೂಪ ಆಗುತ್ತೆ ಅನ್ನಿಸದೇ ಇದ್ದಿದ್ದಕ್ಕೇ ನಿಜವಾಗ್ಲೂ ಅಪರೂಪ ಆಗೋದು.

ಬೇಟೆನೆನಪು:

ನಡುವೆ ಕೇಳ್ತಿದೀನಿ ಕ್ಷಮಿಸಿ, ನಮ್ಮ ಮಾವನ ಹತ್ರ ಒಂದು ಜರ್ಮನ್ ಮೌಸರ್ ಬೇಟೆ ರೈಫಲ್ ಇದೆ. ಇದೇ ರೂಲ್ ಅದಕ್ಕೂ ಹೊಂದುತ್ತಾ?

ಲೆಡ್ಜರ್ ಪ್ರಿಯ:

ಹೊಂದುತ್ತೆ ಮೇಡಂ, ಆದ್ರೆ ಅದರಲ್ಲಿ ಮೊದ್ಲು ಇತ್ಯರ್ಥ ಆಗ್ಬೇಕಾದ ಪ್ರಶ್ನೆ ಬೇರೆ. ಮೌಸರ್ ಕಂಪನಿಯ ಓಬೆರ್ನ್‌ಡಾರ್ಫ್ ಫ್ಯಾಕ್ಟರಿಯಲ್ಲೇ ಬೇಟೆಗೆ ಅಂತ ಮಾಡಿದ್ದಾ, ಇಲ್ಲಾ ಯುದ್ಧ ಆದ ಮೇಲೆ ಸೈನ್ಯದ ಮಾಡೆಲ್ 98 ಮೌಸರ್ ತಗೊಂಡು ಮರ ಕೆತ್ತಿ ಬೇಟೆ ರೈಫಲ್ ಮಾಡಿದ್ದಾ? ಎರಡನೇದಾದ್ರೆ ಗುಂಡು ಹೊಡೆಯೋಕೆ ಚೆನ್ನಾಗೇ ಇರುತ್ತೆ, ಸಂಗ್ರಹದ ಬೆಲೆ ಸಾಮಾನ್ಯವಾಗಿ ಕಮ್ಮಿ. ಬೋಲ್ಟ್ ಮೇಲಿನ ನಂಬರೂ ರಿಸೀವರ್ ನಂಬರೂ ಒಂದೇ ಇದೆಯಾ ನೋಡಿ. ಬ್ಯಾರಲ್ ಮೇಲೆ ಕಿರೀಟದ ಕೆಳಗೆ ಬಿ, ಯು, ಜಿ ಅಕ್ಷರಗಳಿದ್ರೆ ಅದು ಜರ್ಮನಿಯ 1891ರ ಕಾನೂನಿನ ಪ್ರೂಫ್ ಗುರುತು. 1920, 30ರ ದಶಕದವುಗಳಲ್ಲಿ ಪ್ರೂಫ್ ಆದ ತಿಂಗಳು ವರ್ಷ ಕೂಡ ಸಣ್ಣ ಅಂಕಿಯಲ್ಲಿ ಹೊಡೆದಿರೋದು ಸಿಗುತ್ತೆ. ಮರ ಬಿಚ್ಚಿದ್ರೇನೇ ಕಾಣೋ ಗುರುತುಗಳೂ ಇರ್ತವೆ, ಅದನ್ನ ಗೊತ್ತಿರೋರ ಕೈಲಿ ಬಿಚ್ಚಿಸಿ. ಬೇರೆ ಥ್ರೆಡ್ ಹಾಕಿ ಫೋಟೋ ಕೊಡಿ, ನೋಡೋಣ.

ಹಳೇಪೆಟ್ಟಿಗೆ:

ಇಷ್ಟು ವಿವರವಾಗಿ ಯಾರಾದ್ರೂ ಹೇಳ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಗನ್‌ಸ್ಮಿತ್ ಹತ್ರ ತಗೊಂಡೋಗಿ ಖಾಲಿ ಇದೆ ಅಂತ ಖಾತ್ರಿ ಮಾಡ್ಕೊಂಡೆ, ಅಲ್ಲೇ ಕೂತು ಒಂದೊಂದೇ ನೋಡಿದ್ವಿ. ಬ್ಯಾರಲ್ 26 ಇಂಚು ಸರಿಯಾಗಿ ಬಂತು. ಮೂಲೆಗಳು ಚೂಪಾಗೇ ಇವೆ, ಅಕ್ಷರ ಎಲ್ಲಾ ಚೆನ್ನಾಗಿ ಕಾಣುತ್ತೆ. ಮರ ಉಗುರಿಗೆ ಎತ್ತರ ಸಿಗುತ್ತೆ. ಸೈಟ್ ಮೇಲೆ ಲೈಮನ್ ಅಂತ ಇದೆ. ಬೇರೆ ತೂತು ಎಲ್ಲೂ ಇಲ್ಲ. ಡಬ್ಲ್ಯೂ ಪಿ ಗುರುತು ಎರಡು ಕಡೆನೂ ಇಲ್ಲ. ಬ್ಯಾರಲ್ ಕೆಳಗೆ ಮೂತಿ ತನಕ ಕೈ ಆಡಿಸಿದ್ವಿ, ಕಚ್ಚು ಇಲ್ಲ, ಮುಚ್ಚಿದ ಗುರುತೂ ಇಲ್ಲ, ನುಣ್ಣಗಿದೆ! ಚಿಕ್ಕಪ್ಪನಿಗೆ ಹೇಳಿದೆ, ಅವರೂ ಬಂದು ಕನ್ನಡಕ ಹಾಕ್ಕೊಂಡು ನೋಡಿ ಸರಿ ಹಂಗಾದ್ರೆ ಮುಟ್ಟಬೇಡ ಅಂದ್ರು.

ಎರಡು ಡೌಟ್ ಉಳಿದಿದೆ. ಒಂದು, ಲಿವರ್ ಹತ್ರ ಒಂದು ಕಡೆ ಕೆಂಪು ತುಕ್ಕು ಪುಡಿ ಪುಡಿಯಾಗಿ ಬರ್ತಿದೆ, ಅದನ್ನೂ ಬಿಡ್ಬೇಕಾ? ಎರಡು, ಇದನ್ನ ತಾತನಿಗೆ ಒಬ್ಬ ದೊಡ್ಡ ಅಧಿಕಾರಿ ಉಡುಗೊರೆ ಕೊಟ್ಟಿದ್ದು ಅಂತ ಮನೇಲಿ ಎಲ್ರೂ ಹೇಳ್ತಾರೆ, ಅದಕ್ಕೆ ಬೆಲೆ ಜಾಸ್ತಿ ಆಗುತ್ತಾ?

ಅರಮತ್ತುಉಳಿ:

ತುಕ್ಕಿಗೆ ಹೇಳ್ತೀನಿ. ಕಂದು ಬಣ್ಣ ಗಟ್ಟಿಯಾಗಿ ನಿಂತಿರೋದು ಬೇರೆ, ಕೆಂಪು ಪುಡಿ ಬೇರೆ. ಕೆಂಪು ಪುಡಿ ಅಂದ್ರೆ ಈಗಲೂ ತಿಂತಾ ಇದೆ ಅಂತ, ಅದನ್ನ ಹಂಗೇ ಬಿಡಬಾರ್ದು. ತೆಳು ಬಂದೂಕು ಎಣ್ಣೆ ಎರಡು ಹನಿ ಹಾಕಿ ಒಂದು ದಿನ ಬಿಡಿ, ಆಮೇಲೆ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಬೇಕಾದ್ರೆ ಇನ್ನೊಂದು ಸಲ. ನಾನು ಅದಾದ ಮೇಲೂ ಉಳಿದ್ರೆ ಎಣ್ಣೆ ಜತೆ ತೀರಾ ನಯವಾದ ಸ್ಟೀಲ್ ವೂಲ್‌ನಲ್ಲಿ ಹಗುರಕ್ಕೆ ತಿಕ್ತೀನಿ.

ನಳಿಗೆನೋಟ:

ಸ್ಟೀಲ್ ವೂಲ್ ಮಾತಿಗೆ ನನ್ನ ಒಪ್ಪಿಗೆ ಇಲ್ಲ ಸರ್, ನಿಮ್ಮ ಕೈ ಪಳಗಿದೆ, ನೀವು ಎಲ್ಲಿ ನಿಲ್ಲಿಸ್ಬೇಕು ಅಂತ ನಿಮಗೆ ಗೊತ್ತು, ಇವರಿಗೆ ಗೊತ್ತಾಗಲ್ಲ. ಪಕ್ಕದಲ್ಲಿರೋ ಆ ಸ್ವಲ್ಪ ನೀಲಿನೂ ತಿಕ್ಕಿ ಹೋಗ್ಬಿಟ್ರೆ ವಾಪಸ್ ಬರಲ್ಲ. ಮಾರೋರು ಎಣ್ಣೆ ಬಟ್ಟೆಗೇ ನಿಲ್ಲಿಸಲಿ, ಮಿಕ್ಕಿದ್ದು ಕೊಳ್ಳೋನಿಗೆ ಬಿಡಿ, ಕಲೆಕ್ಟರ್‌ಗಳು ತಮ್ಮ ಕೈಲೇ ಮಾಡ್ಕೊಳ್ಳೋಕೆ ಇಷ್ಟಪಡ್ತಾರೆ. ತುಕ್ಕು ಬಿಡಿಸೋ ಕೆಮಿಕಲ್ ಹಾಕಲೇಬೇಡಿ, ಅದು ತುಕ್ಕಿನ ಜತೆ ಬ್ಲೂಯಿಂಗನ್ನೂ ತಿಂದುಹಾಕುತ್ತೆ. ಚರ್ಮದ ಚೀಲದಲ್ಲಿ ಇಟ್ಟಿದ್ರೆ ಈಗಲೇ ಹೊರಗೆ ತೆಗೀರಿ, ಚರ್ಮ ತೇವ ಹಿಡ್ಕೊಳ್ಳುತ್ತೆ. ಚೀಲ ಹಳೇದಾಗಿದ್ರೆ ಬಿಸಾಕ್ಬೇಡಿ, ರೈಫಲ್ ಜತೆಗೇ ಮಾರಿ.

ಅರಮತ್ತುಉಳಿ:

ಅದು ಸರಿ, ಮಾರೋರಿಗೆ ಎಣ್ಣೆ ಬಟ್ಟೆ ಸಾಕು. ಒಪ್ಪಿದೆ.

ಲೆಡ್ಜರ್ ಪ್ರಿಯ:

ಉಡುಗೊರೆ ಕಥೆ ಬಗ್ಗೆ. ಬಾಯಿ ಮಾತಿಗೆ ಬೆಲೆ ಇಲ್ಲ, ಕೇಳೋಕೆ ಕಠಿಣ ಅನ್ಸಿದ್ರೂ ಹಂಗೇ. ಪ್ರತಿ ಹಳೇ ಬಂದೂಕಿನ ಜತೆ ಒಂದು ಕಥೆ ಬರುತ್ತೆ, ಕೊಳ್ಳೋನು ಕಥೆಗೆ ದುಡ್ಡು ಕೊಡ್ಬೇಕಾದ್ರೆ ಆ ಕಥೆ ರೈಫಲಿಗೇ ಕಟ್ಟಿರ್ಬೇಕು. ಜಿಮ್ ಕಾರ್ಬೆಟ್ ಅವರ ರಿಗ್ಬಿ ರೈಫಲ್ ನೋಡಿ, 275 ಕ್ಯಾಲಿಬರ್, ಮೌಸರ್ ಆಕ್ಷನ್ (ಬೋಲ್ಟ್ ಯಂತ್ರ ಮೌಸರ್ ಥರದ್ದು). 1907ರಲ್ಲಿ ಚಂಪಾವತ್‌ನ ನರಭಕ್ಷಕ ಹೆಣ್ಣು ಹುಲಿ ಕೊಂದಿದ್ದಕ್ಕೆ ಆಗಿನ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಕೊಟ್ಟಿದ್ದು, ಅದನ್ನ ಬೆಳ್ಳಿ ಫಲಕದ ಮೇಲೆ ಕೆತ್ತಿಸಿ ಬಟ್ ಮೇಲೇ ಕೂರಿಸಿದಾರೆ. ಯಾರು ಕೊಟ್ರು, ಯಾರಿಗೆ, ಯಾಕೆ, ಯಾವ ವರ್ಷ, ಎಲ್ಲಾ ಆ ಫಲಕದಲ್ಲೇ ಇದೆ. ಕಾರ್ಬೆಟ್ ಹೆಸರು ಕೆತ್ತದೇ ಇದ್ದಿದ್ರೆ ಅದು ಒಂದು ಒಳ್ಳೇ ರಿಗ್ಬಿ ಅಷ್ಟೇ ಆಗಿರೋದು. ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್ ಇಂಥ ಹಳೇ ಬ್ರಿಟಿಷ್ ಕಂಪನಿಗಳ ಬಂದೂಕು ಆದ್ರೆ ಮೊದಲು ಯಾರಿಗೆ ಮಾರಿದ್ದು ಅಂತ ಅವರ ಲೆಡ್ಜರಲ್ಲೇ ಹುಡುಕಬಹುದು, ಅದೊಂದು ಅನುಕೂಲ.

ನೀವು ಮಾಡ್ಬೇಕಾದ್ದು ಇಷ್ಟೇ, ತಾತ ಈ ರೈಫಲ್ ಹಿಡ್ಕೊಂಡಿರೋ ಫೋಟೋ ಇದೆಯಾ, ಆ ಅಧಿಕಾರಿ ಬರೆದ ಕಾಗದ ಇದೆಯಾ, ಹಳೇ ಲೈಸನ್ಸ್ ಪುಸ್ತಕದಲ್ಲಿ ಈ ಸೀರಿಯಲ್ ನಂಬರ್ ನಮೂದಾಗಿದೆಯಾ ಹುಡುಕಿ. ಹಳೇ ಲೈಸನ್ಸ್ ಪುಸ್ತಕ ಎಲ್ರೂ ಕಸ ಅಂದ್ಕೊತಾರೆ, ಅದು ನಂಬರ್ ಸಮೇತ ಒಡೆತನದ ದಾಖಲೆ. ಏನೂ ಸಿಗ್ಲಿಲ್ಲ ಅಂದ್ರೆ ಕಥೇನ ಕಥೆ ಅಂತಲೇ ಹೇಳಿ ಮಾರಿ, ದಯವಿಟ್ಟು ಈಗ ಹೊಸದಾಗಿ ಫಲಕ ಮಾಡಿಸಿ ಹಾಕೋಕೆ ಹೋಗ್ಬೇಡಿ. ಹಂಗೆ ಮಾಡಿದ್ರೆ ಒರಿಜಿನಲ್ ಇರೋ ರೈಫಲಿನ ಮೇಲೂ ಅನುಮಾನ ಬರುತ್ತೆ. ವಿಂಚೆಸ್ಟರ್ ಮಾಡೆಲ್ 1873 ರೈಫಲಲ್ಲಿ ವನ್ ಆಫ್ ವನ್ ಥೌಸಂಡ್ (ಸಾವಿರಕ್ಕೊಂದು) ಅಂತ ಕೆತ್ತಿದ್ದು ನೂರಮೂವತ್ತು ಚಿಲ್ಲರೆ ಮಾತ್ರ ಬಂದಿದ್ದು, ಅದರ ನಕಲಿ ಕೆತ್ತನೆಗಳು ಎಷ್ಟು ಓಡಾಡ್ತಿವೆ ಅಂದ್ರೆ ಈಗ ಯಾರೂ ಲೆಟರ್ ಇಲ್ದೆ ಅಂಥದ್ದು ಮುಟ್ಟಲ್ಲ.

ಹರಾಜುಕಟ್ಟೆ:

ಮಾರೋ ಕಡೆಯಿಂದ ನಾನು ಸೇರಿಸ್ತೀನಿ, ನಾನು ಹರಾಜು ಸಂಸ್ಥೆಯಲ್ಲಿ ಕ್ಯಾಟಲಾಗ್ ಕೆಲಸ ಮಾಡ್ದೋನು.

ಆನ್‌ಲೈನಲ್ಲಿ ಜನ ಹಾಕಿರೋ ರೇಟ್ ನೋಡಿ ನಿಮ್ಮದರ ಬೆಲೆ ಲೆಕ್ಕ ಹಾಕ್ಬೇಡಿ, ಅದು ಅವರು ಕೇಳ್ತಿರೋ ದುಡ್ಡು, ಯಾರೂ ಕೊಟ್ಟಿಲ್ಲ ಅದಕ್ಕೇ ಇನ್ನೂ ಅಲ್ಲೇ ಇದೆ. ಹರಾಜು ಸಂಸ್ಥೆಗಳ ವೆಬ್‌ಸೈಟಲ್ಲಿ ಮುಗಿದ ಹರಾಜಿನ ಫಲಿತಾಂಶ ಸಿಗುತ್ತೆ, ಅದರಲ್ಲಿ ನಿಮ್ಮದೇ ಮಾಡೆಲ್ಲು ನಿಮ್ಮದೇ ಕ್ಯಾಲಿಬರ್ರು ನಿಮ್ಮದೇ ಸ್ಥಿತಿದು ಹುಡುಕಿ. ನೋಡುವಾಗ ಒಂದು ಎಚ್ಚರ, ಅಲ್ಲಿ ತೋರಿಸೋ ಮೊತ್ತದಲ್ಲಿ ಕೆಲವೊಮ್ಮೆ ಕೊಳ್ಳೋನು ಸಂಸ್ಥೆಗೆ ಕೊಡೋ ಪ್ರೀಮಿಯಂ ಸೇರಿರುತ್ತೆ, ಮಾರೋನ ಕಡೆಯಿಂದನೂ ಕಮಿಷನ್ ಹಿಡೀತಾರೆ, ಫೋಟೋ, ಇನ್ಶೂರೆನ್ಸ್, ಸಾಗಣೆ ಅಂತ ಬೇರೆ ಬೇರೆ ಹೆಸರಲ್ಲಿ ಕಳೀತಾರೆ. ಕೈಗೆ ಎಷ್ಟು ಬರುತ್ತೆ ಅಂತ ಬರೆದು ಕೊಡೋಕೆ ಮೊದ್ಲೇ ಹೇಳಿ. ರಿಸರ್ವ್ ಬೆಲೆ (ಇದಕ್ಕಿಂತ ಕಮ್ಮಿಗೆ ಮಾರಲ್ಲ ಅನ್ನೋ ಬೆಲೆ) ಇಡ್ಬಹುದಾ, ಮಾರಾಟ ಆಗ್ದೇ ಹೋದ್ರೆ ಏನಾದ್ರೂ ಕಟ್ಬೇಕಾ ಅದನ್ನೂ ಕೇಳಿ.

ಬೆಲೆ ಕಟ್ಟೋಕೆ ತೋರಿಸೋ ವ್ಯಕ್ತಿ ಬೇರೆ, ಕೊಳ್ಳೋ ವ್ಯಕ್ತಿ ಬೇರೆ ಇರ್ಲಿ. ಬೆಲೆ ಹೇಳಿದ ಬಾಯಲ್ಲೇ ನನಗೇ ಕೊಡಿ ಅಂದ್ರೆ ಆ ಬೆಲೆ ನಿಮ್ಮ ಪರವಾಗಿ ಹೇಳಿದ್ದಲ್ಲ. ಬೆಲೆ ಕಟ್ಟೋರಿಗೆ ಇಷ್ಟು ಅಂತ ಫೀಸ್ ಕೊಡಿ, ಬೆಲೆಯಲ್ಲಿ ಇಷ್ಟು ಪರ್ಸೆಂಟ್ ಅನ್ನೋರನ್ನ ಬಿಡಿ. ಅವರು ಬರೆದು ಕೊಡೋ ಬೆಲೆ ಯಾವುದಕ್ಕೆ ಅಂತಲೂ ಸ್ಪಷ್ಟ ಇರ್ಬೇಕು, ಇನ್ಶೂರೆನ್ಸ್‌ಗೆ ಬರೆಯೋದು ಅದೇ ಥರದ್ದು ಇನ್ನೊಂದು ಕೊಳ್ಳೋಕೆ ಎಷ್ಟು ಬೇಕು ಅಂತ, ಮಾರಿದ್ರೆ ಸಿಗೋದು ಅದಕ್ಕಿಂತ ಕಮ್ಮಿ. ಡೀಲರ್ ಇನ್ನೂ ಕಮ್ಮಿ ಹೇಳ್ತಾನೆ, ಅವನು ಇಟ್ಕೊಂಡು ಕಾಯ್ಬೇಕು ಅಂಗಡಿ ನಡೆಸ್ಬೇಕು, ಅದು ಮೋಸ ಅಲ್ಲ. ನಿಮಗೆ ಬೇಗ ದುಡ್ಡು ಬೇಕಾದ್ರೆ ಡೀಲರ್, ಕಾಯೋಕಾದ್ರೆ ಹರಾಜು.

ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆಂಟಿಕ್ ಅನ್ನೋದಕ್ಕೂ ಒಂದೊಂದು ಕಡೆ ಒಂದೊಂದು ಅರ್ಥ. ಅಮೆರಿಕದ ಕೇಂದ್ರ ಕಾನೂನಲ್ಲಿ 1898 ಅಥ್ವಾ ಅದಕ್ಕೆ ಮುಂಚೆ ತಯಾರಾಗಿದ್ರೆ ಆಂಟಿಕ್, ಬೇರೆ ಕಡೆ ವರ್ಷಕ್ಕಿಂತ ಕಾಟ್ರಿಜ್ ಸಿಗುತ್ತಾ ಇಲ್ವಾ ಅನ್ನೋದು ಮುಖ್ಯ ಆಗೋದುಂಟು. ಲೈಸನ್ಸ್ ಇಲ್ಲದವರಿಗೆ ಕೊಡೋದಾಗ್ಲಿ ಪಾರ್ಸೆಲ್ ಮಾಡೋದಾಗ್ಲಿ ಬೇಡ, ನಿಮ್ಮ ಲೈಸನ್ಸ್ ಕೊಡೋ ಕಚೇರಿಯಲ್ಲಿ ಕೇಳಿ ಬರವಣಿಗೆಯಲ್ಲಿ ಉತ್ತರ ಇಟ್ಕೊಳ್ಳಿ. ತೊಂದ್ರೆ ಯಾಕೆ ಅಂತ ನಿಷ್ಕ್ರಿಯ ಮಾಡ್ಸಿಬಿಡಿ ಅಂತ ಯಾರಾದ್ರೂ ಹೇಳ್ತಾರೆ, ಅಂದ್ರೆ ಬ್ಯಾರಲ್ ಕೊರೆದು ಬೋಲ್ಟ್ ಕತ್ತರಿಸಿ ಗುಂಡು ಹಾರದ ಹಂಗೆ ಮಾಡೋದು. ಕಾನೂನು ಹಂಗೇ ಮಾಡ್ಬೇಕು ಅಂತ ಹೇಳದ ಹೊರತು ಒಪ್ಪಬೇಡಿ, ಅದಾದ ಮೇಲೆ ಈ ಥ್ರೆಡ್ಡಲ್ಲಿ ಬಂದ ಯಾವ ಮಾತಿಗೂ ಅರ್ಥ ಉಳಿಯಲ್ಲ.

ಹಳೇಪೆಟ್ಟಿಗೆ:

ಲೆಟರಿಗೆ ಅರ್ಜಿ ಹಾಕ್ತೀನಿ. ಚರ್ಮದ ಚೀಲದಲ್ಲೇ ಇತ್ತು, ತೆಗೆದು ಬೇರೆ ಇಟ್ಟೆ, ಅದರ ಜೇಬಲ್ಲಿ ತಾತನ ಹಳೇ ಲೈಸನ್ಸ್ ಪುಸ್ತಕ ಸಿಕ್ತು, ಸೀರಿಯಲ್ ನಂಬರ್ ಇದೆ, ಹೋಲಿಸಿದೆ ಸರಿ ಹೊಂದುತ್ತೆ. ಲೆಟರ್ ಬರೋವರೆಗೂ ಯಾರಾದ್ರೂ ಕೊಳ್ಳೋಕೆ ಬಂದ್ರೆ ಏನು ಹೇಳ್ಲಿ? ಒಬ್ರು ಈಗಾಗ್ಲೇ ಫೋನ್ ಮಾಡಿ ಇವತ್ತೇ ನಗದು ಕೊಡ್ತೀನಿ ಅಂತಿದಾರೆ.

ಹರಾಜುಕಟ್ಟೆ:

ಲೆಟರ್ ಬರ್ಲಿ ಆಮೇಲೆ ಮಾತಾಡೋಣ ಅನ್ನಿ, ಅಷ್ಟೇ. ನಿಜವಾದ ಕಲೆಕ್ಟರ್ ಆಗಿದ್ರೆ ಅವರೂ ಲೆಟರ್ ನೋಡೋಕೆ ಕಾಯ್ತಾರೆ, ಕಾಯಲ್ಲ ಅನ್ನೋರಿಗೆ ಅದರಲ್ಲಿ ಏನು ಬರಬಹುದು ಅಂತ ಮೊದ್ಲೇ ಅಂದಾಜಿದೆ. ಸೀರಿಯಲ್ ನಂಬರ್ ಪೂರ್ತಿ ಕಾಣೋ ಫೋಟೋ ಯಾರಿಗೂ ಕಳಿಸ್ಬೇಡಿ, ಕೊನೇ ಮೂರು ಅಂಕಿ ಮುಚ್ಚಿ. ಎರಡು ಪಕ್ಕ, ಅಕ್ಷರಗಳು, ಬ್ಯಾರಲ್ ಕೆಳಗಿನ ಮೈ, ಬಟ್ ಪ್ಲೇಟ್, ಸ್ಕ್ರೂಗಳು, ಇಷ್ಟನ್ನ ಹಗಲು ಬೆಳಕಲ್ಲಿ ಫ್ಲಾಶ್ ಇಲ್ದೆ ತೆಗೆದು ಇಟ್ಕೊಳ್ಳಿ, ಗೀರು ಬಿರುಕು ಏನಿದ್ರೂ ಮುಚ್ಚಿಡದೇ ತೆಗೀರಿ, ಲೆಟರ್ ಬಂದ ದಿನ ಎಲ್ಲಾ ಒಟ್ಟಿಗೆ ಎರಡು ಮೂರು ಹರಾಜು ಸಂಸ್ಥೆಗೆ ಕಳಿಸಿದ್ರೆ ಅವರ ಅಂದಾಜುಗಳನ್ನ ಪಕ್ಕ ಪಕ್ಕ ಇಟ್ಟು ನೋಡ್ಬಹುದು.